ಆತ್ಮರಕ್ಷಣೆಯ ಹಕ್ಕು: ಲೆಕ್ಕ ಎಲ್ಲಿಂದ?

ಒಂಬತ್ತನೆಯ ತರಗತಿಗೆ ಆತ್ಮರಕ್ಷಣೆಯ ಹಕ್ಕನ್ನು ಬೋಧಿಸಲು ಅಮೆರಿಕದ ಫ್ಲೋರಿಡಾದ ಒಂದು ಪ್ರಕರಣವನ್ನು ಆರಿಸಿಕೊಂಡೆ. ಘಟನೆಗಳನ್ನು ಕ್ರಮವಾಗಿ ಕಪ್ಪುಹಲಗೆಯ ಮೇಲೆ ಬರೆದೆ.

2012ರ ಫೆಬ್ರವರಿ 26ರ ರಾತ್ರಿ, ಸ್ಯಾನ್‌ಫರ್ಡ್‌ನಲ್ಲಿ ಬಡಾವಣೆಯ ಕಾವಲು ಸ್ವಯಂಸೇವಕ ಜಾರ್ಜ್ ಝಿಮ್ಮರ್‌ಮನ್, 17 ವರ್ಷದ ನಿರಾಯುಧ ಬಾಲಕ ಟ್ರೇವಾನ್ ಮಾರ್ಟಿನ್‌ನನ್ನು ಅನುಮಾನಿಸಿ ಪೊಲೀಸರಿಗೆ ಫೋನ್ ಮಾಡಿದ. ಹಿಂಬಾಲಿಸುವ ಅಗತ್ಯವಿಲ್ಲ ಎಂದು ಅತ್ತಲಿಂದ ಹೇಳಿದರು. ಬಳಿಕ ಇಬ್ಬರ ನಡುವೆ ಹೊಡೆದಾಟವಾಯಿತು. ಗುಂಡೇಟಿಗೆ ಬಾಲಕ ಸತ್ತ. ಆತ್ಮರಕ್ಷಣೆಯಲ್ಲ ಎಂಬುದನ್ನು ಸರ್ಕಾರಿ ಪಕ್ಷವೇ ಸಂದೇಹವಿಲ್ಲದಂತೆ ಸಾಬೀತುಪಡಿಸಬೇಕಿತ್ತು. 2013ರ ಜುಲೈ 13ರಂದು ಆರು ಜನರ ತೀರ್ಪುಗಾರರ ಮಂಡಳಿ ಅವನನ್ನು ನಿರ್ದೋಷಿ ಎಂದಿತು.

“ಲೆಕ್ಕ ಎಲ್ಲಿಂದ ಶುರುವಾಗಬೇಕು?” ಎಂದು ಕೇಳಿದೆ. ಹೊಡೆದಾಟದಿಂದ ಎಂದವರಿಗೆ ಅವನ ಜೀವಭಯ ಕಂಡಿತು. ಫೋನ್ ಕರೆಯಿಂದ ಎಂದವರಿಗೆ ಹಿಂದಿರುಗುವ ದಾರಿ ಕಂಡಿತು.

ಆಗ ನಮ್ಮ ಭಾರತೀಯ ನ್ಯಾಯ ಸಂಹಿತೆಯ 37ನೆಯ ಕಲಮನ್ನು ವಿವರಿಸಿದೆ: ಅಧಿಕಾರಿಗಳ ರಕ್ಷಣೆ ಪಡೆಯಲು ಸಮಯವಿದ್ದರೆ ಈ ಹಕ್ಕಿಲ್ಲ, ರಕ್ಷಣೆಗೆ ಬೇಕಾದುದಕ್ಕಿಂತ ಹೆಚ್ಚು ಹಾನಿ ಮಾಡುವಂತಿಲ್ಲ. ಫ್ಲೋರಿಡಾದ 2005ರ ಕಾನೂನಿನಲ್ಲಾದರೋ ಹಿಂದೆ ಸರಿಯುವ ಕರ್ತವ್ಯವೇ ಇಲ್ಲ.

ಮೌಲ್ಯಮಾಪನಕ್ಕೆ, ತಮ್ಮ ಬೀದಿಯ ಕಾವಲುಗಾರರಿಗೆ ಮೂರು ನಿಯಮ ಬರೆಯಲು ಹೇಳಿದೆ. ಹೆಚ್ಚಿನವರ ಮೊದಲ ನಿಯಮ: ಫೋನ್ ಮಾಡಿ, ಬೆನ್ನಟ್ಟಬೇಡಿ.