ತಕರಾರು ವಿಚ್ಛೇದನ: ವಕೀಲರ ಮುಂದೆ ಕೂರುವ ಮೊದಲು

ವಿಚ್ಛೇದನದ ಕೇಸು ನಡೆಸಬೇಕಾಗಿ ಬಂದವರಲ್ಲಿ ಹೆಚ್ಚಿನವರು ಒಂದು ನಿರೀಕ್ಷೆ ಇಟ್ಟುಕೊಂಡೇ ವಕೀಲರ ಕಚೇರಿಯ ಮೆಟ್ಟಿಲು ಹತ್ತುತ್ತಾರೆ: ನನ್ನ ಕಷ್ಟವನ್ನೆಲ್ಲ ನ್ಯಾಯಾಧೀಶರು ಕೇಳುತ್ತಾರೆ, ತಪ್ಪು ಯಾರದೆಂದು ಹೇಳುತ್ತಾರೆ. ಕೌಟುಂಬಿಕ ನ್ಯಾಯಾಲಯಕ್ಕೆ ಆ ಕೆಲಸವಿಲ್ಲ. ಅರ್ಜಿಯಲ್ಲಿ ಹೇಳಿದ ಕಾರಣ ಕಾಯ್ದೆಯಲ್ಲಿದೆಯೇ, ಇದ್ದರೆ ಅದು ರುಜುವಾತಾಗಿದೆಯೇ ಎಂದಷ್ಟೇ ಅದು ನೋಡುತ್ತದೆ. ಇದು ಮನಸ್ಸಿಗೆ ಇಳಿದರೆ ಮುಂದಿನದೆಲ್ಲ ತಾನಾಗಿ ಅರ್ಥವಾಗುತ್ತದೆ. ಕ್ರೈಸ್ತರಿಗೆ, ಮುಸ್ಲಿಮರಿಗೆ, ವಿಶೇಷ ವಿವಾಹ ಕಾಯ್ದೆಯಡಿ ಮದುವೆಯಾದವರಿಗೆ ಬೇರೆ ಬೇರೆ ಕಾನೂನುಗಳಿವೆ. ಇಲ್ಲಿ 1955ರ ಹಿಂದೂ ವಿವಾಹ ಕಾಯ್ದೆಯನ್ನು ಹಿಡಿದು ಹೇಳುತ್ತೇನೆ.

ಗಂಡ ಹೆಂಡತಿ ಇಬ್ಬರೂ ಒಪ್ಪಿದರೆ 13ಬಿ ಕಲಮಿನಡಿ ಜಂಟಿ ಅರ್ಜಿ. ಕೋರ್ಟಿನ ಆವರಣದಲ್ಲಿ ಎಲ್ಲರೂ ಅದನ್ನು ‘ಮ್ಯೂಚುವಲ್’ ಎನ್ನುತ್ತಾರೆ. ಒಬ್ಬರು ಬೇಕು ಎಂದು, ಇನ್ನೊಬ್ಬರು ಬೇಡ ಎಂದರೆ ಅಥವಾ ಜೀವನಾಂಶ, ಮಕ್ಕಳ ವಿಚಾರದಲ್ಲಿ ಮಾತು ಮುರಿದರೆ, 13ನೇ ಕಲಮಿನಡಿ ಒಬ್ಬರೇ ಅರ್ಜಿ ಹಾಕಬೇಕು. ಇದೇ ತಕರಾರು ವಿಚ್ಛೇದನ. ಮದುವೆಯಾಗಿ ಒಂದು ವರ್ಷ ತುಂಬುವ ಮೊದಲು, ತೀರಾ ಅಸಾಧಾರಣ ಸಂದರ್ಭ ಬಿಟ್ಟರೆ, ಅರ್ಜಿ ಹಾಕುವಂತಿಲ್ಲ. ಎಲ್ಲಿ ಹಾಕಬೇಕು ಎಂಬುದಕ್ಕೂ ನಿಯಮವಿದೆ: ಮದುವೆ ನಡೆದ ಊರು, ಕೊನೆಯದಾಗಿ ಇಬ್ಬರೂ ಒಟ್ಟಿಗಿದ್ದ ಊರು, ಎದುರುದಾರರು ಇರುವ ಊರು. ಅರ್ಜಿ ಹಾಕುವವಳು ಹೆಂಡತಿಯಾದರೆ ಅವಳು ಈಗ ಇರುವ ಊರೂ ಆಗುತ್ತದೆ. ಹಾಗಾಗಿ ಬೆಂಗಳೂರಿನಲ್ಲಿ ಸಂಸಾರ ಮಾಡಿ ಶಿರಸಿಯ ತವರಿಗೆ ಮರಳಿದವಳು ಬೆಂಗಳೂರಿನ ಕೌಟುಂಬಿಕ ನ್ಯಾಯಾಲಯಕ್ಕೇ ಅಲೆಯಬೇಕೆಂದಿಲ್ಲ.

13ನೇ ಕಲಮಿನಲ್ಲಿ ಕಾರಣಗಳು ಹಲವಿವೆ. ಪರಸಂಬಂಧ, ಮತಾಂತರ, ಗುಣವಾಗದ ಮಾನಸಿಕ ಕಾಯಿಲೆ, ಏಳು ವರ್ಷ ಸುಳಿವಿಲ್ಲದಿರುವುದು, ಇತ್ಯಾದಿ. ಆದರೆ ನಿತ್ಯ ಬರುವ ಅರ್ಜಿಗಳಲ್ಲಿ ಎದ್ದು ಕಾಣುವವು ಎರಡೇ: ಕ್ರೌರ್ಯ ಮತ್ತು ಪರಿತ್ಯಾಗ.

ಪರಿತ್ಯಾಗಕ್ಕೆ ಅರ್ಜಿಯ ಹಿಂದಿನ ಎರಡು ವರ್ಷ ಎಡೆಬಿಡದೆ ಬಿಟ್ಟಿರಬೇಕು. ಮನೆ ಬಿಟ್ಟು ಹೋದವರೇ ಬಿಟ್ಟವರು ಎಂದು ತಿಳಿಯಬೇಡಿ. ಸಂಬಂಧವನ್ನೇ ಕಡಿದುಕೊಳ್ಳುವ ಉದ್ದೇಶವಿತ್ತೇ, ಅದಕ್ಕೆ ಸರಿಯಾದ ಕಾರಣವಿತ್ತೇ ಎಂಬುದು ಮುಖ್ಯ ಎಂದು ಸುಪ್ರೀಂ ಕೋರ್ಟ್ 1950ರ ದಶಕದಲ್ಲೇ ಹೇಳಿದೆ. ಹೊಡೆತ ತಾಳಲಾರದೆ ಓಡಿಬಂದವಳು ಬಿಟ್ಟವಳಲ್ಲ. ಹೊಸ್ತಿಲು ದಾಟದೆಯೂ, ಓಡಿಸಿದವನೇ ಬಿಟ್ಟವನಾಗಬಹುದು.

ಕ್ರೌರ್ಯಕ್ಕೆ ಕಾಯ್ದೆಯಲ್ಲಿ ವ್ಯಾಖ್ಯಾನವಿಲ್ಲ. ಮಾನಸಿಕ ಹಿಂಸೆಯೂ ಸೇರುತ್ತದೆ. 2007ರ ಸಮರ್ ಘೋಷ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಅದಕ್ಕೆ ಉದಾಹರಣೆಗಳನ್ನು ಕೊಟ್ಟಿತು. ಸಂಸಾರದ ಸಣ್ಣಪುಟ್ಟ ಜಗಳ, ದಿನನಿತ್ಯದ ಸವೆತ ಸಾಲದು ಎಂದೂ ಅಲ್ಲೇ ಹೇಳಿತು. ರುಜುವಾತು ಎಷ್ಟಿರಬೇಕು? ಕ್ರಿಮಿನಲ್ ಕೇಸಿನಷ್ಟು ಬೇಡ. ನಡೆದಿರುವ ಸಂಭವವೇ ಹೆಚ್ಚು ಎಂದು ನ್ಯಾಯಾಧೀಶರಿಗೆ ಅನ್ನಿಸಿದರೆ ಸಾಕು. ಇದು 1975ರ ದಾಸ್ತಾನೆ ಪ್ರಕರಣದಿಂದ ಬಂದ ಅಳತೆ.

“ಹತ್ತು ವರ್ಷದಿಂದ ಬೇರೆ ಬೇರೆ ಇದ್ದೇವೆ ಸಾರ್, ಇನ್ನೇನು ಬೇಕು?” ಎಂದು ಕೇಳುವವರಿದ್ದಾರೆ. ಕೇಳುವುದು ನ್ಯಾಯವೇ. ಆದರೆ ಮದುವೆ ಸರಿಪಡಿಸಲಾಗದಷ್ಟು ಮುರಿದಿದೆ ಎಂಬುದು ಇಂದಿಗೂ ಈ ಕಾಯ್ದೆಯಲ್ಲಿ ಒಂದು ಕಾರಣವಾಗಿಲ್ಲ. ಅದರ ಮೇಲೆ ಮದುವೆ ರದ್ದುಮಾಡುವ ಅಧಿಕಾರ ಸಂವಿಧಾನದ 142ನೇ ವಿಧಿಯಡಿ ಸುಪ್ರೀಂ ಕೋರ್ಟಿಗೆ ಇದೆ ಎಂದು 2023ರಲ್ಲಿ ಸಂವಿಧಾನ ಪೀಠ ತೀರ್ಮಾನಿಸಿತು. ಹುಬ್ಬಳ್ಳಿಯ ಕೌಟುಂಬಿಕ ನ್ಯಾಯಾಧೀಶರಿಗೆ ಆ ಅಧಿಕಾರವಿಲ್ಲ. ಸಂಸತ್ತು ಇದನ್ನು ಇಷ್ಟು ಕಾಲ ಬಾಕಿ ಉಳಿಸಿಕೊಂಡಿರುವುದು ಸರಿಯಲ್ಲ ಎಂಬುದು ನನ್ನ ಅಭಿಪ್ರಾಯ.

ಈಗ ವಕೀಲರ ವಿಚಾರ. 1984ರ ಕೌಟುಂಬಿಕ ನ್ಯಾಯಾಲಯಗಳ ಕಾಯ್ದೆಯ ಪ್ರಕಾರ ಇಲ್ಲಿ ವಕೀಲರನ್ನು ಇಟ್ಟುಕೊಳ್ಳುವುದು ಕಕ್ಷಿದಾರರ ಹಕ್ಕಲ್ಲ. ನ್ಯಾಯಾಲಯದ ಅನುಮತಿ ಬೇಕು. ತಕರಾರಿನ ಕೇಸುಗಳಲ್ಲಿ ಅನುಮತಿ ಸಾಮಾನ್ಯವಾಗಿ ಸಿಗುತ್ತದೆ, ವಕೀಲರು ವಕಾಲತ್ತು ಹಾಕುತ್ತಾರೆ. ವಕಾಲತ್ತಿಗೆ ಸಹಿ ಮಾಡಿದಿರಿ ಎಂದರೆ ನಿಮ್ಮ ಪರವಾಗಿ ಮಾತಾಡುವ ಅಧಿಕಾರ ಕೊಟ್ಟಿರಿ ಎಂದರ್ಥ. ಖಾಲಿ ಹಾಳೆಗೆ ಮಾತ್ರ ಸಹಿ ಹಾಕಬೇಡಿ, ಯಾರೇ ಕೇಳಲಿ. ಫೀಸು ಎಷ್ಟು, ಯಾವ ಹಂತಕ್ಕೆ ಎಷ್ಟು ಎಂದು ಮೊದಲೇ ಕೇಳಿ. ಅದರಲ್ಲಿ ಸಂಕೋಚ ಬೇಡ. ಬರುವ ಜೀವನಾಂಶದಲ್ಲಿ ಇಷ್ಟು ಪಾಲು ಎಂಬ ಕರಾರನ್ನು ವಕೀಲರ ಪರಿಷತ್ತಿನ ನಿಯಮ ಒಪ್ಪುವುದಿಲ್ಲ. ಹಣವಿಲ್ಲದವರು ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಅರ್ಜಿ ಕೊಡಬಹುದು. ಹೆಣ್ಣುಮಕ್ಕಳಿಗೆ ಆದಾಯದ ಮಿತಿಯೇ ಇಲ್ಲದೆ ಉಚಿತ ವಕೀಲರು ಸಿಗುತ್ತಾರೆ. ಸಹಾಯವಾಣಿ 15100.

ಮೊದಲ ಭೇಟಿಯಲ್ಲಿ “ತುಂಬಾ ಹಿಂಸೆ ಕೊಟ್ಟರು” ಎಂದರೆ ವಕೀಲರ ಪೆನ್ನು ಓಡುವುದಿಲ್ಲ. ಯುಗಾದಿಯ ಮರುದಿನ, ಅಡುಗೆಮನೆಯಲ್ಲಿ, ನಾದಿನಿಯ ಎದುರು, ಹೀಗೆಂದು ಬೈದು ತಳ್ಳಿದರು, ಮೊಣಕೈಗೆ ಪೆಟ್ಟಾಯಿತು, ತಾಲ್ಲೂಕು ಆಸ್ಪತ್ರೆಯ ಚೀಟಿ ಇದೆ ಎಂದರೆ ಓಡುತ್ತದೆ. ದಿನ, ಜಾಗ, ಕಂಡವರು, ಕಾಗದ. ಆದ್ದರಿಂದ ಹೋಗುವ ಮೊದಲು ಮನೆಯಲ್ಲಿ ಕೂತು, ಮದುವೆಯ ದಿನದಿಂದ ಇಲ್ಲಿಯವರೆಗಿನದನ್ನು ತಾರೀಖಿನ ಕ್ರಮದಲ್ಲಿ ಬರೆಯಿರಿ. ತಾರೀಖು ನೆನಪಿಲ್ಲದಿದ್ದರೆ ಹಬ್ಬವನ್ನೋ ಮಗುವಿನ ವಯಸ್ಸನ್ನೋ ಹಿಡಿಯಿರಿ. ಊಹಿಸಿ ತುಂಬಬೇಡಿ. ಲಗ್ನಪತ್ರಿಕೆ, ಮದುವೆಯ ಫೋಟೋ, ಬ್ಯಾಂಕ್ ಪಾಸ್‌ಬುಕ್, ವಾಟ್ಸಾಪ್ ಮಾತುಕತೆ, ಎಲ್ಲವನ್ನೂ ಇದ್ದ ಹಾಗೇ ಉಳಿಸಿ. ಗುಟ್ಟಾಗಿ ಮಾಡಿಕೊಂಡ ಫೋನ್ ರೆಕಾರ್ಡಿಂಗನ್ನೂ ದಂಪತಿಗಳ ನಡುವಿನ ಇಂಥ ಕೇಸಿನಲ್ಲಿ ಸಾಕ್ಷ್ಯವಾಗಿ ನೋಡಬಹುದು ಎಂದು 2025ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಹಾಗೆಂದು ಇಂದಿನಿಂದಲೇ ಮನೆಯಲ್ಲಿ ರೆಕಾರ್ಡಿಂಗ್ ಶುರುಮಾಡಿ ಎಂದು ನಾನು ಹೇಳುತ್ತಿಲ್ಲ.

ಇದಕ್ಕಿಂತ ಕಷ್ಟದ ಇನ್ನೊಂದು ಕೆಲಸವಿದೆ. ನಿಮಗೆ ಮುಜುಗರ ತರುವುದನ್ನೂ ವಕೀಲರಿಗೆ ಹೇಳಬೇಕು. ಡಾಕ್ಟರ ಮುಂದೆ ನೋವಿನ ಜಾಗ ಮುಚ್ಚಿಟ್ಟರೆ ಮದ್ದು ತಪ್ಪುವ ಹಾಗೆ, ಇಲ್ಲಿ ಮುಚ್ಚಿಟ್ಟದ್ದು ಕೇಸನ್ನು ಕೆಡಿಸುತ್ತದೆ. ನೀವೂ ಕೈ ಎತ್ತಿದ್ದಿರಾ? ಪಂಚಾಯ್ತಿಯಲ್ಲಿ ರಾಜಿಯಾಗಿ ಮತ್ತೆ ಒಟ್ಟಿಗೆ ಬಾಳಿದಿರಾ? ಈ ಎರಡನೆಯದು ಬಹಳ ಮುಖ್ಯ. ಕ್ರೌರ್ಯವನ್ನು ಕ್ಷಮಿಸಿ ಮತ್ತೆ ಸಂಸಾರ ಮಾಡಿದ್ದರೆ ಆ ಹಳೆಯ ಘಟನೆಯ ಮೇಲೆ ಡಿಕ್ರಿ, ಅಂದರೆ ವಿಚ್ಛೇದನದ ಆದೇಶ, ಸಿಗದೆ ಹೋಗಬಹುದು. ಕ್ಷಮೆಯ ನಂತರ ಹಿಂಸೆ ಮರುಕಳಿಸಿದ್ದರೆ ಹಳೆಯದಕ್ಕೂ ಜೀವ ಬರುತ್ತದೆ. ವಕೀಲರಿಗೆ ಗೊತ್ತಿದ್ದರೆ ಅರ್ಜಿಯಲ್ಲೇ ಅದಕ್ಕೆ ಜಾಗ ಮಾಡುತ್ತಾರೆ. ನೀವು ಹೇಳಿದ್ದು ಅವರ ಬಾಯಿಂದ ನಿಮ್ಮ ಒಪ್ಪಿಗೆಯಿಲ್ಲದೆ ಹೊರಬರದಂತೆ ಕಾನೂನಿನ ಕಾವಲಿದೆ. ಇನ್ನೊಂದು ಎಚ್ಚರಿಕೆ: ಕೋಪದಲ್ಲಿ ಎದುರಿನವರ ನಡತೆಯ ಮೇಲೆ ಆಧಾರವಿಲ್ಲದ ಮಾತು ಬರೆಸಬೇಡಿ. ಅರ್ಜಿಯಲ್ಲೋ ಅದಕ್ಕೆ ಕೊಡುವ ಲಿಖಿತ ಉತ್ತರದಲ್ಲೋ ಬರೆಸಿದ ಅಂಥ ಆರೋಪವೇ ಕ್ರೌರ್ಯವೆಂದು ಎಣಿಕೆಯಾಗಿ, ಬರೆಸಿದವರ ವಿರುದ್ಧ ಡಿಕ್ರಿಯಾದ ಉದಾಹರಣೆಗಳಿವೆ.

ಅರ್ಜಿ ದಾಖಲಾದ ಮೇಲೆ ಎದುರುದಾರರಿಗೆ ಸಮನ್ಸ್. ಅದು ನಿಮಗೇ ಬಂದಿದ್ದರೆ ತಿರಸ್ಕರಿಸಬೇಡಿ. ಬೇಡವೆಂದರೂ ತಲುಪಿದ ಹಾಗೇ ಲೆಕ್ಕ, ಗೈರಾದರೆ ಏಕಪಕ್ಷೀಯ ಡಿಕ್ರಿ. ಮುಂದಿನ ಹೆಜ್ಜೆ ಸಂಧಾನ. ಬೆಂಗಳೂರಿನಲ್ಲಿ 2007ರಿಂದ ಮಧ್ಯಸ್ಥಿಕೆ ಕೇಂದ್ರವಿದೆ. ಅಲ್ಲಿ ಆಡಿದ ಮಾತು ಗುಟ್ಟಾಗಿಯೇ ಉಳಿಯುತ್ತದೆ, ಮುಂದೆ ಸಾಕ್ಷ್ಯವಾಗುವುದಿಲ್ಲ. ಮತ್ತೆ ಒಟ್ಟಿಗೆ ಬಾಳದವರೂ ಅಲ್ಲಿ ಹಣ, ಮಗು, ಒಡವೆಗಳ ವಿಚಾರ ಮುಗಿಸಿಕೊಂಡು ತಕರಾರನ್ನು ಮ್ಯೂಚುವಲ್ ಆಗಿ ಬದಲಿಸಿಕೊಳ್ಳುವುದುಂಟು. 13ಬಿ ಹೇಳುವ ಆರು ತಿಂಗಳ ಕಾಯುವಿಕೆಯನ್ನು ತಕ್ಕ ಸಂದರ್ಭದಲ್ಲಿ ನ್ಯಾಯಾಲಯ ಮನ್ನಾ ಮಾಡಬಹುದು ಎಂದು 2017ರಲ್ಲಿ ತೀರ್ಪಾಗಿದೆ. ಸಂಧಾನಕ್ಕೆ ಹೋಗುವುದು ಸೋಲಲ್ಲ. ಒಳ್ಳೆಯ ವಕೀಲರು ಆ ಬಾಗಿಲನ್ನು ಕೊನೆಯವರೆಗೂ ಮುಚ್ಚುವುದಿಲ್ಲ.

ಕೇಸು ನಡೆಯುತ್ತಿರುವಾಗ ಹೊಟ್ಟೆಗೆ? 24ನೇ ಕಲಮಿನಡಿ ಮಧ್ಯಂತರ ಜೀವನಾಂಶ ಮತ್ತು ಕೋರ್ಟ್ ಖರ್ಚು ಕೇಳಬಹುದು. ಆದಾಯವಿಲ್ಲದ ಗಂಡನಿಗೂ ಈ ಹಕ್ಕಿದೆ. ನೋಟಿಸ್ ತಲುಪಿದ 60 ದಿನದೊಳಗೆ ಸಾಧ್ಯವಾದಷ್ಟೂ ಇದನ್ನು ತೀರ್ಮಾನಿಸಬೇಕು ಎಂದು ಕಾಯ್ದೆ ಹೇಳುತ್ತದೆ. ‘ಸಾಧ್ಯವಾದಷ್ಟೂ’ ಎಂಬಲ್ಲಿ ಎಷ್ಟು ವಾಯಿದೆಗಳು ಹಿಡಿಸುತ್ತವೆ ಎಂಬುದು ಕೋರ್ಟು ಕಂಡವರಿಗೆ ಗೊತ್ತು. 2020ರ ರಜನೀಶ್ ವಿರುದ್ಧ ನೇಹಾ ತೀರ್ಪಿನ ನಂತರ ಇಬ್ಬರೂ ಆಸ್ತಿ, ಆದಾಯ, ಸಾಲದ ಪ್ರಮಾಣಪತ್ರ ಸಲ್ಲಿಸಲೇಬೇಕು. ಸಂಬಳದ ಚೀಟಿ, ತೆರಿಗೆ ರಿಟರ್ನ್ಸ್ ಮೊದಲೇ ಜೋಡಿಸಿಟ್ಟುಕೊಳ್ಳಿ.

ಹೊಸಬರು ಹೆಚ್ಚು ಹೆದರುವುದು ಪಾಟಿ ಸವಾಲಿಗೆ, ಅಂದರೆ ಎದುರು ವಕೀಲರು ಕೇಳುವ ಪ್ರಶ್ನೆಗಳಿಗೆ. ಅದಕ್ಕೂ ಮೊದಲಿನ ಮುಖ್ಯ ವಿಚಾರಣೆ, ಅಂದರೆ ನಿಮ್ಮದೇ ಹೇಳಿಕೆ, ಸಾಮಾನ್ಯವಾಗಿ ಪ್ರಮಾಣಪತ್ರದ ರೂಪದಲ್ಲಿ ಬರುತ್ತದೆ. ಅದನ್ನು ಪ್ರತಿ ಸಾಲೂ ಓದಿಯೇ ಸಹಿ ಮಾಡಿ, ಏಕೆಂದರೆ ಎದುರು ವಕೀಲರು ಅದನ್ನೇ ಹಿಡಿದು ಕೇಳುತ್ತಾರೆ. “ನೀವೇ ಜಗಳ ತೆಗೆದು ಮನೆ ಬಿಟ್ಟಿರಿ ಎಂದರೆ?” ಎಂಬ ಧಾಟಿಯ ಪ್ರಶ್ನೆ ಬರುತ್ತದೆ. ಅದು ಸೂಚನೆ, ಅಂದರೆ ಅವರ ವಾದವನ್ನು ನಿಮ್ಮಿಂದ ಒಪ್ಪಿಸುವ ಯತ್ನ. ನಿಜವಲ್ಲದಿದ್ದರೆ “ಸರಿಯಲ್ಲ” ಎನ್ನಿ, ಸಾಕು. ಮಾತಿನ ಓಟದಲ್ಲಿ “ಸರಿ” ಎಂದುಬಿಟ್ಟರೆ ಒಪ್ಪಿದಂತೆ ದಾಖಲಾಗುತ್ತದೆ. ಗೊತ್ತಿಲ್ಲದ್ದಕ್ಕೆ ಗೊತ್ತಿಲ್ಲ, ನೆನಪಿಲ್ಲದ್ದಕ್ಕೆ ನೆನಪಿಲ್ಲ. ಅಳು ಬಂದರೆ ನೀರು ಕೇಳಿ. ಎದುರಿನವರಿಗೆ ಉತ್ತರ ಕೊಡುವ ಹಟ ಬೇಡ, ಬರೆದುಕೊಳ್ಳುತ್ತಿರುವುದು ನ್ಯಾಯಾಲಯ. ವಿಚಾರಣೆ ಗೋಪ್ಯವಾಗಿ ನಡೆಯುತ್ತದೆ, ಊರಿನವರು ಬಂದು ಕೂರುವಂತಿಲ್ಲ ಎಂಬುದು ಅನೇಕರಿಗೆ ಸಮಾಧಾನ ಕೊಡುವ ಸಂಗತಿ.

ನೋಟಿಸ್ ತಲುಪಿದ ಆರು ತಿಂಗಳೊಳಗೆ ಮುಗಿಸಲು ಯತ್ನಿಸಬೇಕು ಎಂದು ಕಾಯ್ದೆಯಲ್ಲಿದೆ. ವರ್ಷಗಳಾಗುತ್ತವೆ ಎಂದುಕೊಂಡೇ ಹೊರಡಿ. ಪ್ರತಿ ವಾಯಿದೆಯ ಸಂಜೆ ವಕೀಲರಿಗೆ ಫೋನು ಮಾಡಬೇಕಿಲ್ಲ. ಕೇಸಿನ ಸಿಎನ್ಆರ್ ಸಂಖ್ಯೆ ಕೇಳಿಟ್ಟುಕೊಂಡರೆ ಇ-ಕೋರ್ಟ್ಸ್ ಆ್ಯಪಿನಲ್ಲಿ ಮುಂದಿನ ದಿನಾಂಕ ಕಾಣುತ್ತದೆ.

ಡಿಕ್ರಿಯಾದ ಕೂಡಲೇ ಮರುಮದುವೆಗೆ ಮುಹೂರ್ತ ಇಡಬೇಡಿ. ಮೇಲ್ಮನವಿಯ ಅವಧಿ ಕಳೆಯಬೇಕು. ಕೌಟುಂಬಿಕ ನ್ಯಾಯಾಲಯಗಳ ಕಾಯ್ದೆ 30 ದಿನ ಎನ್ನುತ್ತದೆ, ಹಿಂದೂ ವಿವಾಹ ಕಾಯ್ದೆ 90 ದಿನ ಎನ್ನುತ್ತದೆ. ಮೇಲ್ಮನವಿ ಹಾಕುವವರು 30ರ ಲೆಕ್ಕ, ಮದುವೆಯಾಗುವವರು 90ರ ಲೆಕ್ಕ ಹಿಡಿಯುವುದು ಕ್ಷೇಮ. ಅಷ್ಟರೊಳಗೆ ಡಿಕ್ರಿಯ ದೃಢೀಕೃತ ನಕಲಿಗೆ ಅರ್ಜಿ ಕೊಟ್ಟು, ಒಂದೆರಡು ಪ್ರತಿ ಹೆಚ್ಚಿಗೆ ಪಡೆಯಿರಿ. ಪಾಸ್‌ಪೋರ್ಟಿಗೆ ಅದು ಬೇಕಾಗುತ್ತದೆ. ಬ್ಯಾಂಕು, ವಿಮೆ, ಪಿಎಫ್ ಖಾತೆಗಳಲ್ಲಿ ನಾಮಿನಿಯ ಹೆಸರು ತಾನಾಗಿ ಬದಲಾಗುವುದಿಲ್ಲ, ನೀವೇ ಹೋಗಿ ಬದಲಿಸಬೇಕು.