ಬೇಸಿಗೆಯಲ್ಲಿ ಸೌರ ಪಂಪಿನ ಇನ್ವರ್ಟರಿಗೆ ನೆರಳು ಬೇಕು

ಏಪ್ರಿಲ್–ಮೇ ತಿಂಗಳುಗಳಲ್ಲಿ ಕಬ್ಬು, ತರಕಾರಿಗಳಿಗೆ ಒಂದು ಸರದಿ ನೀರು ತಪ್ಪಿದರೂ ಇಳುವರಿಗೆ ಪೆಟ್ಟು. ಬೀದರ್, ಭಾಲ್ಕಿ, ಔರಾದ್ ಸೀಮೆಯಲ್ಲಿ ಆಗ ಮಧ್ಯಾಹ್ನದ ಉಷ್ಣತೆ 40 ಡಿಗ್ರಿ ಸೆಂಟಿಗ್ರೇಡ್ ದಾಟುವುದುಂಟು. ಇಷ್ಟು ಬಿಸಿಲಿದ್ದೂ ಸೌರ ಪಂಪು ಏಕೆ ನಿಧಾನವಾಗುತ್ತದೆ? ಸೌರ ಫಲಕಕ್ಕೆ ಬೇಕಾದುದು ಬೆಳಕು, ಶಾಖವಲ್ಲ.

ಫಲಕದ ಮೇಲೆ ಬರೆದಿರುವ ವ್ಯಾಟ್, ಅದರ ಉಷ್ಣತೆ 25 ಡಿಗ್ರಿ ಇರುವಾಗಿನ ಲೆಕ್ಕ. ಅದಕ್ಕಿಂತ ಏರುವ ಒಂದೊಂದು ಡಿಗ್ರಿಗೂ ಶೇಕಡಾ 0.4ರಷ್ಟು ಶಕ್ತಿ ಕುಗ್ಗುತ್ತದೆ. ಕಡು ಬಿಸಿಲಿನಲ್ಲಿ ಫಲಕ 65 ಡಿಗ್ರಿಗೆ ಕಾದರೆ ನಷ್ಟ ಶೇಕಡಾ 16. ಅಂದರೆ 4800 ವ್ಯಾಟ್ ಫಲಕಗಳಿಂದ ಸುಮಾರು 4000 ವ್ಯಾಟ್ ಮಾತ್ರ ದೊರೆಯುತ್ತದೆ. ಈ ನಷ್ಟವನ್ನು ಪೂರ್ತಿ ತಪ್ಪಿಸಲಾಗದು.

ತಪ್ಪಿಸಬಹುದಾದ ನಷ್ಟ ಇನ್ವರ್ಟರಿನದು. ಫಲಕದ ನೇರ ವಿದ್ಯುತ್ತನ್ನು ಮೋಟಾರಿಗೆ ಬೇಕಾದ ಪರ್ಯಾಯ ವಿದ್ಯುತ್ತಾಗಿ ಮಾರ್ಪಡಿಸುವಾಗ ಅದು ತಾನೂ ಕಾಯುತ್ತದೆ. ಸುತ್ತಲಿನ ಗಾಳಿ, ಮಾದರಿಗೆ ತಕ್ಕಂತೆ, 40 ರಿಂದ 50 ಡಿಗ್ರಿ ದಾಟಿದರೆ ತನ್ನ ಭಾಗಗಳನ್ನು ಉಳಿಸಿಕೊಳ್ಳಲು ಶಕ್ತಿಯನ್ನು ತಾನೇ ಇಳಿಸುತ್ತದೆ. ಕೆಲವೊಮ್ಮೆ ನಿಂತೇ ಬಿಡುತ್ತದೆ. ಬಿಸಿಲಿಗೆ ಒಡ್ಡಿದ ಅಥವಾ ತಗಡಿನ ಗೂಡಿನಲ್ಲಿಟ್ಟ ಪೆಟ್ಟಿಗೆ ಈ ಮಿತಿಯನ್ನು ಬೇಗ ಮುಟ್ಟುತ್ತದೆ.

ಎತ್ತರದ ಪ್ರಭಾವ

ಎತ್ತರ ಹೆಚ್ಚಿದಂತೆ ಗಾಳಿ ತೆಳುವಾಗಿ ಶಾಖವನ್ನು ಕಡಿಮೆ ಒಯ್ಯುತ್ತದೆ. ಆದರೆ ಸಾಮಾನ್ಯವಾಗಿ ಇನ್ವರ್ಟರುಗಳು 1000 ಮೀಟರಿನವರೆಗೆ ಪೂರ್ಣ ಶಕ್ತಿ ಕೊಡುವಂತೆ ತಯಾರಾಗಿರುತ್ತವೆ. ಮಡಿಕೇರಿಯಂತಹ 1100 ಮೀಟರಿಗೂ ಮೇಲಿನ ಊರುಗಳಲ್ಲಿ ಇದನ್ನು ವಿಚಾರಿಸಬೇಕು. ಬೀದರ್ ನಗರದ ಎತ್ತರ ಸುಮಾರು 660 ಮೀಟರ್. ಭಾಲ್ಕಿ, ಔರಾದ್ ಸಹ ಮಿತಿಯೊಳಗೇ ಇವೆ. ನಮ್ಮಲ್ಲಿ ದೋಷ ಎತ್ತರದ್ದಲ್ಲ, ಶಾಖದ್ದು.

ಪರೀಕ್ಷಿಸುವ ಬಗೆ

ಮೋಡವಿಲ್ಲದ ದಿನ ಬೆಳಿಗ್ಗೆ 10-20ಕ್ಕೆ, ಮಧ್ಯಾಹ್ನ 2-20ಕ್ಕೆ ಇನ್ವರ್ಟರಿನ ಪರದೆಯಲ್ಲಿ ವ್ಯಾಟ್ ಓದಿರಿ. ದಕ್ಷಿಣಕ್ಕೆ ಮುಖಮಾಡಿದ ಸ್ಥಿರ ಫಲಕಕ್ಕೆ ಈ ಎರಡೂ ವೇಳೆಯಲ್ಲಿ ಬೆಳಕು ಹೆಚ್ಚು ಕಡಿಮೆ ಸಮ. ಮಧ್ಯಾಹ್ನ ಅಲ್ಪ ಇಳಿಕೆ ಸಹಜ. ಬಹಳ ಇಳಿದಿದ್ದರೆ ಇನ್ವರ್ಟರ್ ಕಾಯುತ್ತಿದೆಯೆಂದು ಶಂಕಿಸಬೇಕು.

ಅನುಸರಿಸಬೇಕಾದ ಕ್ರಮಗಳು

1. ಪೆಟ್ಟಿಗೆಯನ್ನು ಫಲಕದ ಕೆಳಗೆ, ದಿನವಿಡೀ ನೆರಳಿರುವ ಕಡೆ ಕೂಡಿಸಿರಿ. ಸ್ಥಳಾಂತರವನ್ನು ಅಳವಡಿಸಿದವರಿಂದಲೇ ಮಾಡಿಸಿರಿ.

2. ಸುತ್ತ ಸುಮಾರು ಒಂದು ಅಡಿ ತೆರವಿರಲಿ. ಗೋಣಿಚೀಲ ಹೊದಿಸಬೇಡಿರಿ, ನೀರು ಸುರಿಯಲೇಬೇಡಿರಿ.

3. ಗಾಳಿಕಿಂಡಿ, ಹೊರಗಿನ ರೆಕ್ಕೆಗಳ ಧೂಳನ್ನು ಸಂಜೆ ಪಂಪು ನಿಲ್ಲಿಸಿದ ಮೇಲೆ ಒಣ ಕುಂಚದಿಂದ ತೆಗೆಯಿರಿ.

4. ಫಲಕಗಳನ್ನು ಬೆಳಗಿನ ತಂಪಿನಲ್ಲಿ ತೊಳೆಯಿರಿ. ಕಾದ ಗಾಜಿಗೆ ತಣ್ಣೀರು ಬಿದ್ದರೆ ಬಿರುಕು ಬಿಡಬಹುದು.

5. ಪೆಟ್ಟಿಗೆಯ ಮುಚ್ಚಳ ತೆರೆಯಬೇಡಿರಿ. ಒಳಗಿನ ನೂರಾರು ವೋಲ್ಟ್ ನೇರ ವಿದ್ಯುತ್ ಪ್ರಾಣಕ್ಕೆ ಅಪಾಯ.

ಬೆಳಿಗ್ಗೆ ಬೇಗ ಪಂಪು ಆರಂಭಿಸಿ, ತಂಪು ಹೊತ್ತಿನ ನೀರನ್ನು ಹೊಂಡದಲ್ಲಿ ಸಂಗ್ರಹಿಸಿಕೊಂಡರೆ ಮಧ್ಯಾಹ್ನದ ಕೊರತೆ ಬೆಳೆಗೆ ತಟ್ಟದು.