ಗಾರ್ಮೆಂಟ್ಸ್ ಕೆಲಸ: ಪೇ ಸ್ಲಿಪ್ಪಿನ ಈ ಎರಡು ಸಾಲು ಕಾಯ್ದುಕೊಳ್ಳಿ

ಪೀಣ್ಯ, ಬೊಮ್ಮನಹಳ್ಳಿ, ಮೈಸೂರು ರಸ್ತೆಯಿಂದ ಹಿಡಿದು ರಾಮನಗರ, ಮದ್ದೂರಿನವರೆಗೆ ಗಾರ್ಮೆಂಟ್ಸ್ ಲೈನುಗಳಲ್ಲಿ ಮೆಷಿನ್ ಮುಂದೆ ಕೂತವರಲ್ಲಿ ಹೆಚ್ಚಿನವರು ಹೆಣ್ಣುಮಕ್ಕಳು. ಅವರ ಸಂಬಳಕ್ಕೆ ಕತ್ತರಿ ಬೀಳುವುದೂ ವರ್ಷಗಳ ದುಡಿಮೆ ಲೆಕ್ಕದಿಂದ ಅಳಿಸಿಹೋಗುವುದೂ ಬಹಳ ಸಲ ಪೇ ಸ್ಲಿಪ್ಪಿನ ಎರಡು ಸಾಲುಗಳಲ್ಲೇ: ಹುದ್ದೆಯ ಹೆಸರು ಮತ್ತು ಕೆಲಸಕ್ಕೆ ಸೇರಿದ ತಾರೀಖು.

ಮೊದಲು ಹುದ್ದೆ ನೋಡಿ. ವರ್ಷಗಟ್ಟಲೆ ಓವರ್‌ಲಾಕ್ ಮೆಷಿನ್ ನಡೆಸುವವಳ ಸ್ಲಿಪ್ಪಿನಲ್ಲಿ ‘ಹೆಲ್ಪರ್’ ಎಂದೇ ಇರುವುದುಂಟು. ಕನಿಷ್ಠ ವೇತನ ನಿಗದಿಯಾಗುವುದು ಕೌಶಲದ ದರ್ಜೆಯ ಮೇಲೆ. ಹೀಗಾಗಿ ಆ ಒಂದು ಪದ ಪ್ರತಿ ತಿಂಗಳೂ ಅವಳ ಹಣ ತಿನ್ನುತ್ತದೆ. ಮೂಲ ವೇತನ, ತುಟ್ಟಿಭತ್ಯೆಗಳನ್ನು ಬೇರೆಬೇರೆಯಾಗಿ ಓದಿ. ನಮ್ಮ ರಾಜ್ಯದಲ್ಲಿ ತುಟ್ಟಿಭತ್ಯೆ ಪರಿಷ್ಕರಣೆಯಾಗುವುದು ಏಪ್ರಿಲ್ 1ರಿಂದ. ಆದ್ದರಿಂದ ಮಾರ್ಚ್ ಮತ್ತು ಏಪ್ರಿಲ್ ಸ್ಲಿಪ್ಪುಗಳನ್ನು ಅಕ್ಕಪಕ್ಕ ಇಟ್ಟು ನೋಡಿ.

ಇನ್ನು ಅದೇ ಕೆಲಸ ಮಾಡುವ ಗಂಡಸಿಗೆ ಹೆಚ್ಚು ಕೊಡುತ್ತಿದ್ದರೆ? ಒಂದೇ ರೀತಿಯ ಕೆಲಸಕ್ಕೆ ಹೆಣ್ಣು-ಗಂಡು ಎಂದು ಬೇರೆ ಕೂಲಿ ಕೊಡುವುದಕ್ಕೆ 1976ರಿಂದಲೇ ನಿಷೇಧವಿದೆ. 2025ರ ನವೆಂಬರ್ 21ರಂದು ಜಾರಿಯಾದ ವೇತನ ಸಂಹಿತೆಯಲ್ಲೂ ಅದು ಮುಂದುವರಿದಿದೆ. ಮಹಿಳಾ ಸ್ಟೆನೋಗ್ರಾಫರ್‌ಗಳಿಗೆ ಗಂಡಸರಿಗಿಂತ ಕಡಿಮೆ ಕೊಡುತ್ತಿದ್ದ ಕಂಪನಿಯ ವಿರುದ್ಧ ಆಡ್ರೆ ಡಿಕೋಸ್ಟಾ ಹೋರಾಡಿದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1987ರಲ್ಲೇ ಹೇಳಿತು: ಕೊಡುವ ಶಕ್ತಿ ಇಲ್ಲವೆಂಬುದು ತಾರತಮ್ಯಕ್ಕೆ ನೆಪವಾಗಲಾರದು. ಈಗಲೂ ‘ಕಂಪನಿ ನಷ್ಟದಲ್ಲಿದೆ’ ಎಂದು ಬಾಯಿ ಮುಚ್ಚಿಸುವವರಿದ್ದಾರೆ. ಒಪ್ಪಬೇಡಿ.

ಕೇಳುವ ಮುನ್ನ ಒಂದು ನೋಟ್‌ಬುಕ್ ಇಡಿ. ಫ್ಲೋರಿಗೆ ಮೊಬೈಲ್ ಒಯ್ಯಲು ಬಿಡದಿದ್ದರೆ ರಾತ್ರಿ ಮನೆಯಲ್ಲಿ ಬರೆಯಿರಿ: ಯಾವ ಮೆಷಿನ್, ಯಾವ ಆಪರೇಷನ್, ಗಂಟೆಗೆ ಎಷ್ಟು ಟಾರ್ಗೆಟ್, ಓಟಿ ಎಷ್ಟು ಹೊತ್ತು. ಓಟಿಗೆ ದುಪ್ಪಟ್ಟು ದರ ಸಿಗಬೇಕು. ನಂತರ ಎಚ್‌ಆರ್‌ಗೆ ನಾಲ್ಕು ಸಾಲಿನ ಪತ್ರ ಸಾಕು: ‘ಇಂಥ ತಿಂಗಳಿನಿಂದ ಓವರ್‌ಲಾಕ್ ಮೆಷಿನ್ ನಡೆಸುತ್ತಿದ್ದೇನೆ. ಸ್ಲಿಪ್ಪಿನಲ್ಲಿ ಹೆಲ್ಪರ್ ಎಂದಿದೆ. ಟೈಲರ್ ಎಂದು ಸರಿಪಡಿಸಿ. ಇಲ್ಲಿಯವರೆಗಿನ ವ್ಯತ್ಯಾಸದ ಹಣ ಕೊಡಿ.’ ಒಬ್ಬರೇ ಕೊಡುವುದಕ್ಕಿಂತ ಲೈನಿನ ನಾಲ್ಕೈದು ಜನ ಒಟ್ಟಿಗೆ ಸಹಿ ಮಾಡಿ ಕೊಡುವುದು ಕ್ಷೇಮ.

ಎರಡನೆಯದು ಸೇರಿದ ತಾರೀಖು. ಕೆಲಸದ ಭದ್ರತೆ ನಿಂತಿರುವುದು ಇದರ ಮೇಲೆ, ನಷ್ಟ ಹೆಚ್ಚು ಆಗುವುದೂ ಇಲ್ಲೇ. ಕಾಯಂ ಕೆಲಸದವರಿಗೆ ಗ್ರಾಚ್ಯುಟಿ ಸಿಗಲು ಸತತ 5 ವರ್ಷದ ಸೇವೆ ಬೇಕು. ನಾಲ್ಕು ವರ್ಷ ದಾಟುತ್ತಿದ್ದಂತೆ ‘ರಾಜೀನಾಮೆ ಕೊಟ್ಟು ಪಿಎಫ್ ತಗೊಳ್ಳಮ್ಮ, ಮುಂದಿನ ತಿಂಗಳು ಮತ್ತೆ ಸೇರಿಸಿಕೊಳ್ತೀವಿ’ ಎನ್ನುವ ಸೂಪರ್‌ವೈಸರ್ ಮಾತು ಉಪಕಾರದಂತೆ ಕೇಳಿಸುತ್ತದೆ. ಲೆಕ್ಕ ಹಾಕಿ. ಮೂಲ ವೇತನ, ತುಟ್ಟಿಭತ್ಯೆ ಸೇರಿ 13,000 ರೂಪಾಯಿ ಇದ್ದರೆ, 26ರಿಂದ ಭಾಗಿಸಿ ದಿನಕ್ಕೆ 500. ವರ್ಷಕ್ಕೆ 15 ದಿನದಂತೆ 7,500. ಎಂಟು ವರ್ಷ ಸತತವಾಗಿ ದುಡಿದವಳಿಗೆ 60,000 ರೂಪಾಯಿ. ನಡುವೆ ರಾಜೀನಾಮೆ ಬರೆದುಕೊಟ್ಟು ನಾಲ್ಕು ನಾಲ್ಕು ವರ್ಷವಾಗಿ ದುಡಿದವಳಿಗೆ ಒಂದು ರೂಪಾಯಿಯೂ ಇಲ್ಲ. ಖಾಲಿ ಹಾಳೆಗೆ, ಓದಲು ಬಾರದ ಭಾಷೆಯ ಹಾಳೆಗೆ ಸಹಿ ಹಾಕಲೇಬೇಡಿ.

ಬಸುರಿಯಾದಾಗಲೂ ಇದೇ ಮಾತು ಬರುತ್ತದೆ, ‘ಬಾಣಂತನ ಮುಗಿಸಿಕೊಂಡು ಬಾ, ಹೊಸದಾಗಿ ಸೇರಿಕೋ’ ಎಂದು. ಮೊದಲ ಎರಡು ಮಕ್ಕಳಿಗೆ 26 ವಾರಗಳ ಸಂಬಳಸಹಿತ ರಜೆ ನಿಮ್ಮ ಹಕ್ಕು. ಇಎಸ್‌ಐ ಇದ್ದವರಿಗೆ ಆ ಹಣ ಅಲ್ಲಿಂದಲೇ ಬರುತ್ತದೆ. ಹೆರಿಗೆ ರಜೆಯಲ್ಲಿದ್ದಾಗ ಕೆಲಸದಿಂದ ತೆಗೆಯುವುದು ಕಾನೂನುಬಾಹಿರ. ರಜೆಯ ಅರ್ಜಿ ಬರಹದಲ್ಲಿರಲಿ. ಎಚ್‌ಆರ್‌ನವರು ಅರ್ಜಿ ತೆಗೆದುಕೊಳ್ಳದಿದ್ದರೆ ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ ರಸೀದಿ ಇಟ್ಟುಕೊಳ್ಳಿ. ಇಲ್ಲವಾದರೆ ‘ಹೇಳದೆ ಕೇಳದೆ ಬಿಟ್ಟುಹೋದಳು’ ಎಂದು ದಾಖಲೆಯಲ್ಲಿ ಬರೆದುಬಿಡುತ್ತಾರೆ.

ಸೇರಿದ, ಬಿಟ್ಟ ತಾರೀಖುಗಳು ಪಿಎಫ್ ದಾಖಲೆಯಲ್ಲೂ ಇರುತ್ತವೆ. ನಿಮ್ಮ ಪಿಎಫ್‌ನ ಯುಎಎನ್ ಸಂಖ್ಯೆ ಸಕ್ರಿಯವಾಗಿದ್ದರೆ 99660 44425ಕ್ಕೆ ಮಿಸ್ಡ್ ಕಾಲ್ ಕೊಟ್ಟು ಖಾತೆಯಲ್ಲಿ ಎಷ್ಟು ಹಣವಿದೆ ಎಂದು ತಿಳಿಯಬಹುದು. ಇಪಿಎಫ್‌ಒ ಜಾಲತಾಣದ ‘ಸರ್ವೀಸ್ ಹಿಸ್ಟರಿ’ಯನ್ನೂ ತೆಗೆದು ನೋಡಿ. ನಿಮಗೆ ಗೊತ್ತಿಲ್ಲದಂತೆ ಕೆಲಸ ಬಿಟ್ಟ ತಾರೀಖು ಅಲ್ಲಿ ನಮೂದಾಗಿದ್ದರೆ ತಡಮಾಡದೆ ಎಚ್‌ಆರ್‌ನಲ್ಲಿ ಕೇಳಿ.

ಪತ್ರಕ್ಕೆ ಉತ್ತರವಿಲ್ಲದಿದ್ದರೆ ಕಾರ್ಮಿಕ ಅಧಿಕಾರಿಗೆ ದೂರು ಕೊಡಿ. ಬೆಂಗಳೂರಿನವರಿಗೆ ಬನ್ನೇರುಘಟ್ಟ ರಸ್ತೆಯ ಕಾರ್ಮಿಕ ಭವನ ಇದೆ. ಸಂಬಳದ ಬಾಕಿಯನ್ನು ಮೂರು ವರ್ಷದೊಳಗೆ ಕೇಳಬೇಕು. ಕೆಲಸದಿಂದ ತೆಗೆದರೆ ಎರಡು ಕೆಲಸದ ದಿನಗಳಲ್ಲಿ ಬಾಕಿ ಸಂಬಳ ಕೈಗೆ ಬರಬೇಕು. ಹಾಗೆಂದು ಆ ಹಣದ ಜೊತೆ ‘ಸ್ವಇಚ್ಛೆಯಿಂದ ಬಿಟ್ಟಿದ್ದೇನೆ’ ಎಂಬ ಹಾಳೆ ಬಂದರೆ ಸಹಿ ಬೇಡ. ಗಾರ್ಮೆಂಟ್ ಲೇಬರ್ ಯೂನಿಯನ್‌ನಂಥ ಸಂಘಟನೆಯವರನ್ನು ಜೊತೆಗೆ ಕರೆದುಕೊಂಡು ಹೋಗಿ. ಕೂಡಿ ನಿಂತರೆ ಆಗುವುದೇನೆಂದು 2016ರ ಏಪ್ರಿಲ್‌ನಲ್ಲಿ ಬೆಂಗಳೂರು ಕಂಡಿದೆ: ಪಿಎಫ್ ವಾಪಸು ಪಡೆಯುವುದಕ್ಕೆ ಬಂದ ಹೊಸ ನಿರ್ಬಂಧದ ವಿರುದ್ಧ ಸಾವಿರಾರು ಹೆಣ್ಣುಮಕ್ಕಳು ರಸ್ತೆಗಿಳಿದರು, ಕೇಂದ್ರ ಸರ್ಕಾರ ಆ ನಿಯಮವನ್ನು ಕೈಬಿಟ್ಟಿತು.

ದೂರಿನ ಜೊತೆ ನೇಮಕಾತಿ ಪತ್ರ, ಗುರುತಿನ ಚೀಟಿ, ಪೇ ಸ್ಲಿಪ್ಪುಗಳು, ಬ್ಯಾಂಕ್ ಪಾಸ್‌ಬುಕ್ಕಿನ ಜೆರಾಕ್ಸ್ ಇರಲಿ. ಮೂಲ ಪ್ರತಿ ಯಾರಿಗೂ ಕೊಡಬೇಡಿ. ಎರಡು ಸೆಟ್ ಮಾಡಿಸಿ, ನಿಮ್ಮ ಸೆಟ್ ಮೇಲೆ ಕಚೇರಿಯ ಸೀಲು, ತಾರೀಖು ಹಾಕಿಸಿಕೊಂಡೇ ಹೊರಡಿ.